ಕೆಂಪನ್ನು ಹುಡುಕಿದರೆ ಟ್ರೋಗನ್ ಸಿಗಲ್ಲ

ಕೊಡಗಿಗೆ ಹಕ್ಕಿ ನೋಡೋಕೆ ಬರುವವರ ಪಟ್ಟಿಯಲ್ಲಿ ಮಲಬಾರ್ ಟ್ರೋಗನ್ ಇದ್ದೇ ಇರುತ್ತದೆ. ಎಲ್ಲರೂ ಫೋಟೋದಲ್ಲಿ ನೋಡಿರುತ್ತಾರೆ. ಕಪ್ಪು ತಲೆ, ಕಪ್ಪು ಎದೆ, ಅದರ ಕೆಳಗೆ ಒಂದು ಬಿಳಿ ಪಟ್ಟಿ, ಅಲ್ಲಿಂದ ಕೆಳಗೆ ಹೊಟ್ಟೆಯೆಲ್ಲ ಕೆಂಪೋ ಕೆಂಪು. ಇಷ್ಟು ಕೆಂಪಗಿರೋ ಹಕ್ಕಿ ಹಸಿರು ಕಾಡಿನಲ್ಲಿ ಕಾಣದೆ ಎಲ್ಲಿ ಹೋಗುತ್ತೆ ಅನ್ನೋ ಧೈರ್ಯದಲ್ಲಿ ಬರುತ್ತಾರೆ. ಬೆಳಗ್ಗಿಂದ ಸಂಜೆ ತನಕ ಕತ್ತೆತ್ತಿಕೊಂಡು ತಿರುಗಿ, ಕುತ್ತಿಗೆ ನೋವು ಹಿಡಿಸಿಕೊಂಡು ವಾಪಸ್ ಹೋಗುತ್ತಾರೆ. "ನಿಮ್ಮ ಕಡೆ ಅದು ಇಲ್ಲ ಬಿಡಿ" ಅಂತ ನನಗೇ ಹೇಳಿ ಹೋದವರೂ ಇದ್ದಾರೆ.

ಇದೆ. ಅವರು ದಾಟಿ ಹೋದ ದಾರಿಯ ಪಕ್ಕದಲ್ಲೇ ಇದೆ. ಬೆನ್ನು ತಿರುಗಿಸಿಕೊಂಡು ಕೂತಿರುತ್ತದೆ, ಅಷ್ಟೇ.

ನಾನು ಕಕ್ಕಬ್ಬೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ಮಾಡುತ್ತೇನೆ. ಸ್ವಂತ ಊರು ಅರಕಲಗೂಡು ಕಡೆ. ಇಲ್ಲಿಗೆ ಬಂದು ಬಹಳ ವರ್ಷ ಆಯ್ತು. ಬೆಳಗ್ಗೆ ಆಳುಗಳ ಹಾಜರಿ ತೆಗೆದುಕೊಂಡು ಚೆಕ್‌ರೋಲ್ ಬರೆಯೋದು, ಕೆಲಸ ಹಂಚಿದ್ದನ್ನು ನೋಡಿಕೊಳ್ಳೋದು, ಕೊಯ್ಲಿನಲ್ಲಿ ಸಂಜೆ ಕಾಫಿ ಹಣ್ಣಿನ ತೂಕ ಹಾಕಿಸೋದು, ಶನಿವಾರ ಬಟವಾಡೆ. ತೋಟದ ಮೇಲಿನ ಭಾಗ ಏಲಕ್ಕಿ ಮಲೆ. ಅದರ ಆಚೆ ರಿಸರ್ವ್ ಫಾರೆಸ್ಟ್, ಅದು ಹತ್ತಿಕೊಂಡು ಹೋಗೋದು ತಡಿಯಂಡಮೋಳ್ ಬೆಟ್ಟಕ್ಕೆ. 1748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ ಅದು. ಮೇಲೆ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಗಿಡ್ಡ ಮರಗಳ ಶೋಲಾ ಕಾಡು, ಕೆಳಗೆ ಇಳಿದ ಹಾಗೆ ದಟ್ಟ ಮಳೆಕಾಡು. ಹಾಜರಿಗೆ ಮುಂಚೆ ಸಿಗೋ ಸ್ವಲ್ಪ ಹೊತ್ತು, ಮತ್ತೆ ಭಾನುವಾರ, ಇವೆರಡೇ ನನ್ನ ಹಕ್ಕಿ ನೋಡುವ ಸಮಯ. ದೊಡ್ಡ ಕ್ಯಾಮೆರಾ ಇಲ್ಲ. ಹಳೇದೊಂದು ಬೈನಾಕ್ಯುಲರ್ ಇದೆ.

ಈಗ ಬೆನ್ನಿನ ವಿಷಯಕ್ಕೆ ಬರೋಣ. ಗಂಡು ಟ್ರೋಗನ್ ಬೆನ್ನು ಹಳದಿ ಮಿಶ್ರಿತ ಕಂದು ಬಣ್ಣ. ಒಣಗಿದ ಎಲೆ, ತೊಗಟೆ, ಪಾಚಿ ಇವುಗಳ ಮಧ್ಯೆ ಆ ಬಣ್ಣಕ್ಕೆ ಹೊಂದದ ಜಾಗವೇ ಇಲ್ಲ. ರೆಕ್ಕೆ ಕಪ್ಪು, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು. ದೂರದಿಂದ ನೋಡಿದರೆ ಅದೂ ಬೂದು. ನಾವು ಬರೋದು ಗೊತ್ತಾದ ಕೂಡಲೇ ಇದು ಹಾರಿ ಹೋಗಲ್ಲ. ಹೊಟ್ಟೆ ಆ ಕಡೆ, ಬೆನ್ನು ನಮ್ಮ ಕಡೆ ಮಾಡಿಕೊಂಡು ಕೂತುಬಿಡುತ್ತದೆ. ಆಮೇಲೆ ತಲೆ ಮಾತ್ರ ನಿಧಾನಕ್ಕೆ ತಿರುಗಿಸಿ ಹೆಗಲ ಮೇಲಿಂದ ನಮ್ಮನ್ನು ನೋಡುತ್ತದೆ. ನಾವು ಅದನ್ನು ನೋಡೋಕೆ ಬಂದಿದ್ದೇವೆ, ನೋಡ್ತಾ ಇರೋದು ಮಾತ್ರ ಅದು.

ಹೊಟ್ಟೆ ನಮ್ಮ ಕಡೆ ಇದ್ದಾಗಲೂ ಫೋಟೋದಲ್ಲಿರೋ ಕೆಂಪು ಸಿಗೋದು ಅಪರೂಪ. ಮಳೆಕಾಡಿನ ಒಳಗೆ ನೆಲದ ಹತ್ತಿರಕ್ಕೆ ಬರೋದು ಎಲೆಗಳಲ್ಲಿ ಸೋಸಿ ಉಳಿದ ಹಸಿರು ಬೆಳಕು. ಆ ಬೆಳಕಲ್ಲಿ ಕೆಂಪು ಮಂಕಾಗಿ ಕಪ್ಪಿಗೆ ತಿರುಗುತ್ತದೆ. ಒಂದು ಬಿಸಿಲು ಕೋಲು ನೇರವಾಗಿ ಅದರ ಹೊಟ್ಟೆಗೆ ಬಿದ್ದರೆ ಮಾತ್ರ ಆ ಬಣ್ಣ ಹೊತ್ತಿಕೊಳ್ಳುತ್ತದೆ. ಫೋಟೋ ತೆಗೆದವರು ಕಾದಿದ್ದು ಅದಕ್ಕೇ.

ಹಾಗಾಗಿ ನಾನು ಎಲ್ಲರಿಗೂ ಹೇಳೋದು, ಬಣ್ಣ ಬಿಡಿ, ಆಕಾರ ಹುಡುಕಿ. ಮರದ ತುದಿಯನ್ನೂ ನೋಡಬೇಡಿ, ನೆಲವನ್ನೂ ನೋಡಬೇಡಿ. ಎರಡಾಳು ಎತ್ತರದಿಂದ ನಾಲ್ಕೈದಾಳು ಎತ್ತರದ ತನಕ, ದೊಡ್ಡ ಮರಗಳ ನೆತ್ತಿಗಿಂತ ಕೆಳಗೆ, ಪೊದೆಗಿಂತ ಮೇಲೆ ಒಂದು ಖಾಲಿ ಜಾಗ ಇರುತ್ತದಲ್ಲ, ಅಲ್ಲಿ. ಅಡ್ಡಕ್ಕೆ ಚಾಚಿದ ಬೋಳು ಕೊಂಬೆ, ಜೋಲಾಡೋ ದಪ್ಪ ಬಳ್ಳಿ, ಅಂಥದ್ದೇ ಅದಕ್ಕೆ ಇಷ್ಟ. ನೆಟ್ಟಗೆ ಕೂರುತ್ತದೆ. ಕುತ್ತಿಗೆ ಇದೆಯೋ ಇಲ್ಲವೋ ಅನ್ನಿಸುತ್ತೆ, ತಲೆ ಸೀದಾ ಮೈಮೇಲೆ ಇಟ್ಟಂತಿರುತ್ತದೆ. ಬಾಲ ಉದ್ದ, ಶಾಲೆಯ ಮರದ ಸ್ಕೇಲ್ ಒಂದನ್ನು ಕೊಂಬೆಯಿಂದ ನೇತು ಹಾಕಿದ ಹಾಗೆ ನೇರವಾಗಿ ಕೆಳಗೆ ಇಳಿದಿರುತ್ತದೆ, ತುದಿ ಚೌಕ. ಕಾಡಿನಲ್ಲಿ ಎಲ್ಲವೂ ವಾರೆಕೋರೆ. ಅದರ ಮಧ್ಯೆ ನೆಟ್ಟಗೆ ಇಳಿದ ಗೆರೆ ಒಂದು ಕಂಡರೆ ಅಲ್ಲಿ ನಿಲ್ಲಿ. ಮೂತಿಯಿಂದ ಬಾಲದ ತುದಿಗೆ ಸುಮಾರು 31 ಸೆಂಟಿಮೀಟರ್ ಇರೋ ಹಕ್ಕಿ ಇದು. ಅದರಲ್ಲಿ ಅರ್ಧಕ್ಕರ್ಧ ಬಾಲವೇ.

ಬಾಲವನ್ನು ಸರಿಯಾಗಿ ನೋಡಿದರೆ ಇನ್ನೊಂದು ಗುರುತು ಸಿಗುತ್ತದೆ. ನಡುವಿನ ಗರಿಗಳು ಕಂದು, ಅವಕ್ಕೆ ಕಪ್ಪು ತುದಿ. ಅಂಚಿನ ಗರಿಗಳು ಮೆಟ್ಟಿಲು ಮೆಟ್ಟಿಲಾಗಿ ಗಿಡ್ಡ ಆಗುತ್ತಾ ಹೋಗುತ್ತವೆ, ತುದಿಗಳಲ್ಲಿ ಬಿಳಿ. ಹಾರಿ ಹೋಗುವಾಗ ಬಹಳ ಸಲ ಕಾಣೋದು ಆ ಬಿಳಿ ಮಾತ್ರ. ಅಷ್ಟೇ ಸಾಕು ಗುರುತಿಗೆ. ದಕ್ಷಿಣ ಭಾರತದಲ್ಲಿ ಇರೋದು ಇದೊಂದೇ ಟ್ರೋಗನ್, ಇದನ್ನು ಹೋಲುವ ಬೇರೆ ಜಾತಿ ಇಲ್ಲ. ಕೆಂಪು ಕಪ್ಪು ಬಣ್ಣದ ಮಿನಿವೆಟ್ ಹಕ್ಕಿಗಳನ್ನು ಕಂಡು ಟ್ರೋಗನ್ ಅಂತ ಕುಣಿಯೋರು ಇದ್ದಾರೆ. ಮಿನಿವೆಟ್ ಪುಟಾಣಿ ಹಕ್ಕಿ. ಮರದ ತುದಿಯಲ್ಲಿ ಗುಂಪಾಗಿ ಓಡಾಡುತ್ತದೆ, ಒಂದು ಕಡೆ ನಿಂತರೆ ಕೇಳಿ.

ಹೆಣ್ಣಿನ ಕಥೆ ಬೇರೆ. ಅದರ ಫೋಟೋ ಯಾರೂ ಹಾಕಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ. ತಲೆ, ಎದೆ ಎಲ್ಲ ಕಂದು. ಹೊಟ್ಟೆ ಕಾವಿಯೋ ಕಿತ್ತಳೆಯೋ ಅನ್ನುವಂಥ ಮಂದ ಬಣ್ಣ. ಗಂಡಿಗಿರೋ ಬಿಳಿ ಪಟ್ಟಿ ಇಲ್ಲ. ಕೂತಿರೋ ಭಂಗಿ, ಬಾಲದ ಆಕಾರ ಮಾತ್ರ ಥೇಟ್ ಗಂಡಿನದ್ದೇ. ನನ್ನ ಹೆಂಡತಿಗೆ ಹೆಣ್ಣೇ ಇಷ್ಟ. "ಗಂಡು ಬಿಡಿ, ಮದುವೆ ಮನೆ ಹಕ್ಕಿ. ಇದರ ಬಣ್ಣ ನೋಡಿ ಎಷ್ಟು ಚೆನ್ನಾಗಿದೆ" ಅನ್ನುತ್ತಾಳೆ. ನನಗೂ ಈಗೀಗ ಹಾಗೇ ಅನ್ನಿಸುತ್ತೆ.

ಕಣ್ಣಿಗಿಂತ ಮುಂಚೆ ಕಿವಿ ಬೇಕು. ಟ್ರೋಗನ್ ಕೂಗು ದೊಡ್ಡದಲ್ಲ. ಕುಟ್ರು ಹಕ್ಕಿ ಬೆಳಗ್ಗಿಂದ ಊರಿಗೆಲ್ಲ ಕೇಳೋ ಹಾಗೆ ಕೂಗುತ್ತದೆ, ಮಂಗಟ್ಟೆ ಗಹಗಹಿಸುತ್ತದೆ. ಈ ಗಲಾಟೆಯ ಕೆಳಗೆಲ್ಲೋ ಗಂಟಲಿನ ಒಳಗಿಂದ ಬರೋ ಮೆತ್ತನೆ "ಕ್ಯೂ... ಕ್ಯೂ... ಕ್ಯೂ...". ಒಂದು ಸರಣಿಯಲ್ಲಿ ನಾಲ್ಕೈದು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ. ಆಮೇಲೆ ಬಿಡುವು. ತೊಂದರೆ ಏನೆಂದರೆ ಅದು ಯಾವ ದಿಕ್ಕಿನಿಂದ ಬರ್ತಿದೆ ಅಂತ ಹೇಳೋದು ಕಷ್ಟ. ಎಡಗಡೆ ಅಂದುಕೊಂಡು ತಿರುಗುವಷ್ಟರಲ್ಲಿ ಬಲಗಡೆ ಅನ್ನಿಸುತ್ತೆ. ಕೂಗುವ ಹಕ್ಕಿ ಆ ಕಡೆ ಈ ಕಡೆ ತಲೆ ತಿರುಗಿಸಿದರೂ ಸದ್ದು ಬದಲಾಗುತ್ತದೆ. ನಾನು ಮಾಡೋದು ಇಷ್ಟೇ. ಮೊದಲ ಸಲ ಕೇಳಿದಾಗ ಅಲ್ಲಾಡಲ್ಲ. ಎರಡನೇ ಸರಣಿಗೆ ಕಣ್ಣು ಮುಚ್ಚಿಕೊಂಡು ದಿಕ್ಕು ಹಿಡಿಯುತ್ತೇನೆ. ಆಮೇಲೆ ಹತ್ತಿಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿದು ಮೂರನೇ ಸರಣಿ ಕೇಳುತ್ತೇನೆ. ಎರಡು ಗೆರೆ ಎಲ್ಲಿ ಸೇರುತ್ತವೋ ಅಲ್ಲಿ ಬೈನಾಕ್ಯುಲರ್. ಸರ್ವೆಯವರು ಮಾಡೋದೂ ಇದೇ ತಾನೇ.

ಹೋದ ಕೊಯ್ಲಿನ ಸಮಯದಲ್ಲಿ ಬೆಂಗಳೂರಿನಿಂದ ಅಕ್ಕ, ಭಾವ ಬಂದಿದ್ದರು. ಭಾವನಿಗೆ ಈಚೆಗೆ ಕ್ಯಾಮೆರಾ ಹುಚ್ಚು. ಲೆನ್ಸ್ ಒಂದೇ ನನ್ನ ತೋಳಿನಷ್ಟು ಉದ್ದ, ಅದಕ್ಕೆ ಮಿಲಿಟರಿ ಬಣ್ಣದ ಅಂಗಿ ಬೇರೆ. ಭಾನುವಾರ ಬೆಳಗ್ಗೆ ಬೆಲ್ಲದ ಕಾಫಿ ಕುಡಿದು ನಾನು, ಭಾವ, ನನ್ನ ಹೆಂಡತಿ ಏಲಕ್ಕಿ ಮಲೆ ಕಡೆ ಹತ್ತಿದೆವು. ಕತ್ತಲೆ ಪೂರ್ತಿ ಹೋಗೋ ತನಕ ಹೊರಡಲಿಲ್ಲ. ಆನೆ ಓಡಾಡೋ ಜಾಗ. ರಾತ್ರಿ ಬೈನೆ ಮರ ಮುರಿದು ಹಾಕಿದ್ದರೆ ಅವತ್ತು ಆ ಕಡೆ ಹೋಗೋದೇ ಇಲ್ಲ.

ಭಾವ ಮುಂದೆ ಮುಂದೆ. ನಾಲ್ಕು ಹೆಜ್ಜೆಗೊಮ್ಮೆ ಮರದ ತುದಿಗೆ ಲೆನ್ಸ್ ಎತ್ತುತ್ತಾರೆ. "ಎಲ್ಲಿ ಮಾರಾಯ ನಿನ್ನ ಹಕ್ಕಿ?" ಅಂತ ಜೋರಾಗಿ ಬೇರೆ ಕೇಳುತ್ತಾರೆ. ಹಳ್ಳ ದಾಟಿದ ಮೇಲೆ ಕೂಗು ಕೇಳಿತು. ನಾನು ಕೈ ಎತ್ತಿ ನಿಲ್ಲಿಸಿದೆ. ಮೂವರೂ ನಿಂತೆವು. ಒಂದು ಸರಣಿ. ಬಿಡುವು. ಇನ್ನೊಂದು. ನಾನಿನ್ನೂ ದಿಕ್ಕು ಹಿಡಿಯುತ್ತಾ ಇದ್ದೆ. ಹೆಂಡತಿ ನನ್ನ ತೋಳು ಮುಟ್ಟಿದಳು.

"ರೀ, ಆ ಹಲಸಿನ ಮರದ ಪಕ್ಕ ಬಳ್ಳಿ ಇದೆಯಲ್ಲ, ಅದು ಬಾಗಿದ ಕಡೆ. ಅಣ್ಣಾ, ಅಷ್ಟು ಮೇಲೆ ಅಲ್ಲ. ಇನ್ನೂ ಕೆಳಗೆ."

ಬಳ್ಳಿಯ ಬಾಗಿನಲ್ಲಿ ಹೆಣ್ಣು ಕೂತಿತ್ತು. ನಮ್ಮಿಂದ ಹದಿನೈದು ಅಡಿ ಇದ್ದರೆ ಹೆಚ್ಚು. ಕಣ್ಣಿನ ಸುತ್ತ ನೀಲಿ ಚರ್ಮದ ಉಂಗುರ ಕಾಣುವಷ್ಟು ಹತ್ತಿರ. ಕೊಕ್ಕು ಗಿಡ್ಡ, ಅಗಲ, ಬುಡದಲ್ಲಿ ಮೀಸೆಯಂಥ ಬಿರುಸು ಗರಿ. ಅದು ಅಲ್ಲಾಡಲಿಲ್ಲ. ಭಾವನ ಕ್ಯಾಮೆರಾ ಎಲೆಗೆ ಫೋಕಸ್ ಆಗುತ್ತೆ, ಬಳ್ಳಿಗೆ ಫೋಕಸ್ ಆಗುತ್ತೆ, ಹಕ್ಕಿಗೆ ಮಾತ್ರ ಆಗ್ತಾ ಇಲ್ಲ. ಇಷ್ಟು ಹತ್ತಿರಕ್ಕೆ ಆ ಲೆನ್ಸ್ ಆಗೋದೇ ಇಲ್ಲವಂತೆ, ಆಮೇಲೆ ಗೊತ್ತಾಯಿತು. ಅವರು ಹಿಂದೆ ಹಿಂದೆ ಸರಿದರು. ಅಷ್ಟರಲ್ಲಿ ಹಕ್ಕಿ ಬಳ್ಳಿ ಬಿಟ್ಟು ಹಾರಿತು. ಎದುರಿನ ಕೊಂಬೆಯ ಎಲೆಯಡಿಗೆ ಹೋಗಿ, ಗಾಳಿಯಲ್ಲೇ ಒಂದು ಕ್ಷಣ ನಿಂತು, ಏನನ್ನೋ ಕಿತ್ತುಕೊಂಡು, ತಿರುಗಿ ಬಂದು ಇನ್ನೊಂದು ಕೊಂಬೆಗೆ ಕೂತಿತು. ಬಾಯಲ್ಲಿ ಹಸಿರು ಕಂಬಳಿಹುಳ. ಅದನ್ನು ಕೊಂಬೆಗೆ ಎರಡು ಸಲ ಬಡಿದು ನುಂಗಿತು. ಆಗ ಕೂಗಿದ್ದು ಗಂಡು, ಅದು ಇನ್ನೂ ಮೇಲೆ ಇಳಿಜಾರಿನ ಆಚೆ. ಅದನ್ನು ಅವತ್ತು ನೋಡೋಕೆ ಆಗಲೇ ಇಲ್ಲ. ಭಾವನಿಗೆ ಬೇಜಾರು. "ಕೆಂಪಿನದ್ದು ಸಿಗಲಿಲ್ಲ" ಅಂತ ಊಟದ ತನಕ ಹೇಳಿದರು. ಅಕ್ಕಿ ರೊಟ್ಟಿ, ಕಣಿಲೆ ಸಾರು ಬಂದ ಮೇಲೆ ಸರಿಹೋದರು.

ಹೀಗೆ ಹಾರಿ ಹುಳ ಕಿತ್ತುಕೊಂಡು ಬಂದು ಮತ್ತೆ ಸುಮ್ನೆ ಕೂರೋದೇ ಅದರ ದಿನಚರಿ. ಕಂಬಳಿಹುಳ, ಮಿಡತೆ, ಕಡ್ಡಿಹುಳ, ತಿಗಣೆ ಜಾತಿಯವು. ಕೊಂಬೆಯ ಮೇಲೆ ನಡೆದಾಡಿ ಹುಡುಕೋ ಪೈಕಿ ಅಲ್ಲ. ನಡೆಯೋಕೆ ಅದಕ್ಕೆ ಬರೋದೂ ಇಲ್ಲ. ಟ್ರೋಗನ್ ಕಾಲು ಒಂದು ವಿಚಿತ್ರ. ಬಹಳಷ್ಟು ಹಕ್ಕಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಮರಕುಟುಕ, ಗಿಳಿಗಳಿಗೆ ಎರಡು ಮುಂದೆ, ಎರಡು ಹಿಂದೆ, ಹಿಂದಕ್ಕೆ ತಿರುಗಿರೋದು ಒಂದನೇ ಮತ್ತು ನಾಲ್ಕನೇ ಬೆರಳು. ಟ್ರೋಗನ್‌ಗೂ ಎರಡೆರಡೇ, ಆದರೆ ಹಿಂದಕ್ಕೆ ಹೋಗಿರೋದು ಒಂದನೇದು ಮತ್ತು ಎರಡನೇದು. ಪ್ರಪಂಚದ ಬೇರೆ ಯಾವ ಹಕ್ಕಿ ಕುಟುಂಬಕ್ಕೂ ಈ ಜೋಡಣೆ ಇಲ್ಲ. ಕಾಲಿನ ಮಾಂಸಖಂಡ ಮೈತೂಕದ 3 ಶೇಕಡಾ ಮಾತ್ರ, ಹಕ್ಕಿಗಳಲ್ಲೇ ಅತಿ ಕಡಿಮೆ ಅದು. ಕೂತಲ್ಲೇ ಹಿಂದೆ ತಿರುಗಬೇಕಾದರೂ ರೆಕ್ಕೆಯ ಸಹಾಯ ಬೇಕು. ಅದು ಗಂಟೆಗಟ್ಟಲೆ ಅಲ್ಲಾಡದೆ ಕೂರೋದನ್ನು ಕೆಲವರು ಧ್ಯಾನ ಗೀನ ಅಂತ ವರ್ಣಿಸುತ್ತಾರೆ. ಕಾಲಿಗೆ ಕಸುವಿಲ್ಲ, ಅಷ್ಟೇ ವಿಷಯ.

ಇದರಿಂದ ನಮಗೊಂದು ಲಾಭ ಇದೆ. ಹಾರಿದರೂ ದೂರ ಹೋಗಲ್ಲ. ಮೂವತ್ತು ನಲವತ್ತು ಅಡಿ ಆಚೆ ಮತ್ತೊಂದು ಕೊಂಬೆ ಹಿಡಿಯುತ್ತದೆ. ಹಿಂದೆ ಓಡಬೇಡಿ. ನಿಂತಲ್ಲೇ ನಿಂತು, ಅದು ಹೋದ ಗೆರೆಯ ಕೊನೆಯಲ್ಲಿ ಅದೇ ಎತ್ತರದಲ್ಲಿ ಹುಡುಕಿ. ಬಹುತೇಕ ಸಿಗುತ್ತದೆ.

ಕೂಗು ಕೇಳದ ದಿನಗಳಲ್ಲಿ ನಾನು ಭೀಮರಾಜನನ್ನು ನಂಬುತ್ತೇನೆ. ಬಾಲದ ಕೊನೆಗೆ ಎರಡು ತಂತಿ, ತಂತಿಯ ತುದಿಗೆ ಗರಿಯ ಚಕ್ರ ಇರೋ ಕಾಜಾಣ. ಬೇರೆ ಹಕ್ಕಿಗಳ ದನಿ ಅನುಕರಿಸೋದರಲ್ಲಿ ಎತ್ತಿದ ಕೈ, ಕಳ್ಳತನದಲ್ಲೂ ಅಷ್ಟೇ. ಮಳೆಕಾಡಿನಲ್ಲಿ ಹಲವು ಜಾತಿ ಹಕ್ಕಿಗಳು ಒಟ್ಟಾಗಿ ಮೇಯುತ್ತಾ ಹೋಗುತ್ತವೆ. ಪಿಕಳಾರ, ಮರಕುಟುಕ, ಮಿನಿವೆಟ್, ಕಾಂಡದ ಮೇಲೆ ತಲೆಕೆಳಗಾಗಿ ಇಳಿಯೋ ನಟ್‌ಹ್ಯಾಚ್, ನೆಲದ ಹತ್ತಿರ ಗಿಜಿಗಿಜಿ ಅನ್ನೋ ಹರಟೆಮಲ್ಲ ಜಾತಿಯವು. ಭೀಮರಾಜ ಇದಕ್ಕೆಲ್ಲ ಕಾವಲುಗಾರ. ಗಿಡುಗ ಬಂದರೆ ಮೊದಲು ಕೂಗೋದು ಅದೇ. ಕಾಡು ಅರ್ಧ ಗಂಟೆ ಖಾಲಿ ಖಾಲಿ ಇರುತ್ತದೆ, ಇದ್ದಕ್ಕಿದ್ದ ಹಾಗೆ ಈ ಮೆರವಣಿಗೆ ಬಂದು ಮೈಮೇಲೆ ಬೀಳುತ್ತದೆ. ಆಗ ಎಲ್ಲರೂ ಬಣ್ಣ ಬಣ್ಣದ ಹಕ್ಕಿಗಳ ಹಿಂದೆ ಬೀಳುತ್ತಾರೆ. ನೀವು ಬೀಳಬೇಡಿ. ಮೆರವಣಿಗೆಯ ಅಂಚಿನಲ್ಲಿ, ಮಧ್ಯದ ಎತ್ತರದಲ್ಲಿ ಅಲ್ಲಾಡದೆ ಕೂತಿರೋದು ಏನಾದರೂ ಇದೆಯಾ ನೋಡಿ. ಉಳಿದವು ಎಲೆ ಅಲ್ಲಾಡಿಸಿ ಎಬ್ಬಿಸಿದ ಹುಳಕ್ಕಾಗಿ ಟ್ರೋಗನ್ ಇವರ ಜೊತೆ ಬರುತ್ತದೆ.

ಒಂದು ವಿಷಯಕ್ಕೆ ನನಗೆ ಸಿಟ್ಟಿದೆ. ಈಗ ಎಲ್ಲರ ಮೊಬೈಲ್‌ನಲ್ಲೂ ಹಕ್ಕಿಗಳ ಕೂಗು ಇದೆ. ಕಲಿಯೋಕೆ ಅದು ಬಹಳ ಒಳ್ಳೆಯದು, ಮನೆಯಲ್ಲಿ ಕೂತು ಕೇಳಿ. ಆದರೆ ಕೆಲವರು ಅದನ್ನು ಕಾಡಿಗೆ ತಂದು ಬ್ಲೂಟೂತ್ ಸ್ಪೀಕರಿಗೆ ಹಾಕುತ್ತಾರೆ. ನಮ್ಮ ತೋಟದ ಗಡಿಯ ದಾರಿಯಲ್ಲಿ ಒಂದು ಹೋಂಸ್ಟೇಯಿಂದ ಬಂದ ಗುಂಪು ಹಾಗೆ ಮಾಡಿತ್ತು. ಗೈಡೇ ಸ್ಪೀಕರನ್ನು ಕಲ್ಲಿನ ಮೇಲೆ ಇಟ್ಟಿದ್ದ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಪಾಪದ ಹಕ್ಕಿ ಬಂದು ಎದುರಿಗೇ ಕೂತಿತು. ಕೂಗಿತು, ಹುಡುಕಿತು, ಮತ್ತೆ ಕೂಗಿತು. ಇವರು ನಿಲ್ಲಿಸಲಿಲ್ಲ. ಅದು ಮರಿ ಮಾಡೋ ಕಾಲ. ಹುಳ ಹಿಡಿಯಬೇಕಾದ ಬೆಳಗ್ಗೆ ಪೂರ್ತಿ ಅದಕ್ಕೆ ಇಲ್ಲದ ಶತ್ರುವಿನ ಜೊತೆ ಜಗಳ. ನಾನು ಹೋಗಿ ಹೇಳಿದೆ. "ನಾವು ದುಡ್ಡು ಕೊಟ್ಟು ಬಂದಿದ್ದೀವಿ ಸಾರ್" ಅಂದರು. ಹಕ್ಕಿಗೆ ಕೊಟ್ಟಿದ್ದೀರಾ ಅಂತ ಕೇಳೋಣ ಅನ್ನಿಸಿತು, ಸುಮ್ಮನಾದೆ. ತೋಟದ ಜಾಗದಿಂದ ಎಬ್ಬಿಸಿ ಕಳಿಸಿದ್ದಂತೂ ಹೌದು.

ಬೈನಾಕ್ಯುಲರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರ ಮೇಲೆ ಎರಡು ಅಂಕಿ ಬರೆದಿರುತ್ತದೆ. ಮೊದಲನೇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ ಅನ್ನೋದು, ಎರಡನೇದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು ಚಿಕ್ಕದು, ಜೇಬಿಗೆ ಹೋಗುತ್ತೆ ಅಂತ 10x25 ಕೊಡುತ್ತಾರೆ. ಬಯಲಿಗೆ ಪರವಾಗಿಲ್ಲ, ಮಳೆಕಾಡಿಗೆ ಉಪಯೋಗ ಇಲ್ಲ. ಎರಡನೇ ಅಂಕಿಯನ್ನು ಮೊದಲನೇದರಿಂದ ಭಾಗಿಸಿ. 25 ಭಾಗಿಸು 10, ಎರಡೂವರೆ. 42 ಭಾಗಿಸು 8, ಐದು ಕಾಲು. ಕಣ್ಣಿಗೆ ಬರೋ ಬೆಳಕಿನ ಕಂಡಿ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. ಕತ್ತಲು ಕಾಡಿನಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗುತ್ತದೆ, ಅದಕ್ಕೆ ದೊಡ್ಡ ಕಂಡಿ ಬೇಕು. 8x42 ತಗೊಳ್ಳಿ. ಟ್ರೋಗನ್ ರೆಕ್ಕೆಯ ಆ ಸಣ್ಣ ಬಿಳಿ ಗೆರೆಗಳು ಕಾಣಬೇಕಾದರೆ ದೊಡ್ಡದಾಗಿ ತೋರಿಸೋದಕ್ಕಿಂತ ಬೆಳಕು ಮುಖ್ಯ.

ಜಿಗಣೆ ಬಗ್ಗೆ ಜಾಸ್ತಿ ಹೇಳಲ್ಲ. ಮಳೆಗಾಲದಲ್ಲಿ ಬಂದರೆ ಕಚ್ಚುತ್ತದೆ. ಮಳೆಗಾಲದಲ್ಲಿ ಬರಬೇಡಿ.

ಈ ಹಕ್ಕಿಗೆ ಇಂಗ್ಲಿಷಿನಲ್ಲಿ ಮಲಬಾರ್ ಅಂತ ಹೆಸರು ಇದ್ದರೂ ಮೊದಲು ದಾಖಲಾದದ್ದು ಶ್ರೀಲಂಕಾದ ಹಕ್ಕಿ, 1769ರಲ್ಲಿ, ಥಾಮಸ್ ಪೆನ್ನಂಟ್ ಅನ್ನೋ ಬ್ರಿಟಿಷ್ ಪ್ರಕೃತಿ ತಜ್ಞ ಹೆಸರಿಟ್ಟಿದ್ದು. ನಮ್ಮ ಪಶ್ಚಿಮ ಘಟ್ಟದ್ದು ಒಂದು ಉಪಜಾತಿ, ಶ್ರೀಲಂಕಾದ್ದು ಇನ್ನೊಂದು, ಪೂರ್ವ ಘಟ್ಟ ಮತ್ತು ಮಧ್ಯ ಭಾರತದ ಕಡೆಯದ್ದು ಮತ್ತೊಂದು. ಟ್ರೋಗನ್ ಕುಟುಂಬ ದೊಡ್ಡದು. ಆಫ್ರಿಕಾದಲ್ಲೂ ಇದೆ, ಅಮೆರಿಕಾ ಖಂಡಗಳಲ್ಲಿ ಇನ್ನೂ ಜಾಸ್ತಿ. ಗ್ವಾಟೆಮಾಲಾ ದೇಶದ ಬಾವುಟದಲ್ಲಿರೋ ಕ್ವೆಟ್ಜಾಲ್ ಇದರದ್ದೇ ನೆಂಟ. ಟ್ರೋಗನ್‌ಗಳ ಚರ್ಮ ಎಷ್ಟು ತೆಳು ಅಂದರೆ ಮ್ಯೂಸಿಯಂಗೆ ಅಂತ ಸುಲಿಯೋವಾಗ ಹರಿದು ಹೋಗುತ್ತಿತ್ತಂತೆ, ಗರಿ ಕೈಗೇ ಬರುತ್ತಿತ್ತಂತೆ. ಪೆಟ್ಟಿಗೆಯಲ್ಲಿಟ್ಟರೆ ಆ ಕೆಂಪೂ ಮಾಸುತ್ತದೆ.

ಕೊಡಗಿನಲ್ಲಿ ಎಲ್ಲಿ ನೋಡೋದು? ಬ್ರಹ್ಮಗಿರಿಯ ಇರ್ಪು ಕಡೆ ಇದೆ. ವಿರಾಜಪೇಟೆಯಿಂದ ಕಣ್ಣೂರಿಗೆ ಇಳಿಯೋ ಮಾಕುಟ್ಟ ಘಾಟಿಯ ಕಾಡಿನಲ್ಲಿ ಇದೆ. ಭಾಗಮಂಡಲ ದಾಟಿ ತಲಕಾವೇರಿ ಕಡೆಯ ಕಾಡು, ಈ ಕಡೆ ನಾಲ್ಕುನಾಡು ಅರಮನೆಯ ಹಿಂದಿನ ಕಾಡು. ಅರಮನೆ 1790ರ ದಶಕದ್ದು, ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಶತ್ರುಗಳಿಗೆ ಕಾಣಬಾರದು ಅಂತಲೇ ಈ ದಟ್ಟ ಕಾಡಿನ ಬುಡದಲ್ಲಿ ಕಟ್ಟಿಸಿದ ಅನ್ನುತ್ತಾರೆ. ತಡಿಯಂಡಮೋಳ್ ಹತ್ತೋರು ಅದರ ಮುಂದೆಯೇ ಹೋಗೋದು. ಎಲ್ಲರಿಗೂ ಬೆಟ್ಟದ ತುದಿ ಮುಟ್ಟೋ ಆತುರ, ದಾರಿಯಲ್ಲಿ ಸಿಗೋ ಕಾಡನ್ನು ಹಾಡು ಹಾಡಿಕೊಂಡು ದಾಟುತ್ತಾರೆ. ಟ್ರೋಗನ್ ಇರೋದು ಅಲ್ಲಿ. ಬೆಟ್ಟ ಹತ್ತೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ರಿಸರ್ವ್ ಒಳಗೆ ದಾರಿ ಬಿಟ್ಟು ನುಗ್ಗೋ ಹಾಗಿಲ್ಲ. ನುಗ್ಗೋ ಅಗತ್ಯವೂ ಇಲ್ಲ. ದಾರಿಯ ಅಂಚಿನಿಂದಲೇ ಕಾಣುವ ಹಕ್ಕಿ ಇದು.

ಆದರೆ ಎಲ್ಲಾ ಹಸಿರೂ ಇದಕ್ಕೆ ಆಗಲ್ಲ. ನಮ್ಮ ತೋಟದ್ದೇ ಉದಾಹರಣೆ ಕೊಡುತ್ತೇನೆ. ಕೆಳಗಿನ ಬ್ಲಾಕಿನಲ್ಲಿ ನೆರಳಿಗೆ ಪೂರ್ತಿ ಸಿಲ್ವರ್ ಓಕ್. ಸಾಲಾಗಿ, ನೇರವಾಗಿ, ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿವೆ. ಅಲ್ಲಿ ಟ್ರೋಗನ್ ಕೂಗು ನಾನು ಕೇಳಿಯೇ ಇಲ್ಲ. ಮೇಲಿನ ಬ್ಲಾಕಿನಲ್ಲಿ ಹಳೇ ಕಾಡುಮರಗಳೇ ನೆರಳು. ಹಲಸು, ಅತ್ತಿ, ನಂದಿ, ಬೀಟೆ, ಮಧ್ಯೆ ಹಾಲುವಾಣ. ಅಲ್ಲಿಗೆ ಬರುತ್ತದೆ. ಏಲಕ್ಕಿ ಮಲೆಯಲ್ಲಂತೂ ಅದರ ಮನೆಯೇ.

ಮನೆ ಅಂದೆನಲ್ಲ, ಗೂಡಿನ ವಿಷಯ ಹೇಳಬೇಕು. ಈ ಹಕ್ಕಿ ಗೂಡು ಮಾಡೋದು ಸತ್ತು ಕೊಳೆತ ಮರದ ಮೋಟಿನಲ್ಲಿ. ಮರಕುಟುಕನಿಗಿರೋ ಉಳಿಯಂಥ ಕೊಕ್ಕು ಇದಕ್ಕೆ ಇಲ್ಲ. ಗಟ್ಟಿ ಮರ ಆಗಲ್ಲ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಕೊಳೆತಿರಬೇಕು. ಗಂಡು ಹೆಣ್ಣು ಎರಡೂ ಸರದಿ ಮೇಲೆ ಕೊಕ್ಕಿನಲ್ಲಿ ಕೊರೆಯುತ್ತವೆ. ಇದಕ್ಕೇ ಹೆಚ್ಚು ಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಫೆಬ್ರವರಿಯಿಂದ ಮೇ ಒಳಗೆ, ದೊಡ್ಡ ಮಳೆಗೆ ಮುಂಚೆ, ಸಾಮಾನ್ಯವಾಗಿ ಎರಡು ಮೊಟ್ಟೆ. ರಾತ್ರಿ ಹೆಣ್ಣು ಕಾವು ಕೂರುತ್ತದೆ, ಹಗಲಲ್ಲಿ ಕೆಲವು ಗಂಟೆ ಗಂಡು. ಸುಮಾರು 19 ದಿನಕ್ಕೆ ಮರಿ. ಮರಿ ಗೂಡು ಬಿಟ್ಟ ಮೇಲೂ ಅಪ್ಪ ಅಮ್ಮ ಐದಾರು ತಿಂಗಳು ಉಣಿಸುತ್ತವೆ. ಮಳೆಗಾಲ ಪೂರ್ತಿ ಅಂದಹಾಗಾಯ್ತು. ವರ್ಷದ ಮುಕ್ಕಾಲು ಭಾಗ ಎರಡು ಮರಿಗೇ ಸರಿ.

ತೋಟದಲ್ಲಿ ಇದೇ ಕಾಲಕ್ಕೆ ನಾವು ಏನು ಮಾಡುತ್ತೇವೆ? ಕೊಯ್ಲು ಮುಗಿಯುತ್ತದೆ, ಹೂಮಳೆ ಬರುತ್ತದೆ, ಆಮೇಲೆ ಮರಗಸಿ. ಮಳೆಗಾಲಕ್ಕೆ ಮುಂಚೆ ನೆರಳು ತೆಳು ಮಾಡಬೇಕು, ಒಣಮರ ತೆಗೆಸಬೇಕು. ಒಣಮರ ಜೂನ್ ಗಾಳಿಗೆ ಬಿದ್ದರೆ ಹತ್ತು ಕಾಫಿ ಗಿಡ ಒಟ್ಟಿಗೆ ನಾಶ, ಕೆಳಗೆ ಆಳು ಇದ್ದರೆ ಇನ್ನೂ ದೊಡ್ಡ ಅನಾಹುತ. ಒಣಮರದ ಪಟ್ಟಿ ಮಾಡೋದು ಯಾರು? ನಾನೇ. ಅದನ್ನು ಕಡಿಯೋಕೆ ಆಳು ಹಾಕೋದು, ಸೌದೆ ಲೆಕ್ಕ ಬರೆಯೋದೂ ನಾನೇ.

ಇದಕ್ಕೆ ಸುಲಭದ ಪರಿಹಾರ ಇದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಎತ್ತರದ ಒಣಮರವನ್ನು ಬಿಡೋ ಹಾಗೇ ಇಲ್ಲ. ಆದರೆ ಟ್ರೋಗನ್‌ಗೆ ಎತ್ತರ ಬೇಕಾಗಿಲ್ಲ. ನನ್ನ ಕಣ್ಣಿಗೆ ಬಿದ್ದ ಗೂಡು ಹಾಲುವಾಣದ ಮುರಿದ ಮೋಟಿನಲ್ಲಿತ್ತು, ನನ್ನ ಎದೆಯ ಮಟ್ಟದಲ್ಲಿ. ಆಳೆತ್ತರದ ಮೋಟು ಬಿದ್ದರೂ ಯಾರ ಕಾಫಿಗೂ ಏನೂ ಆಗಲ್ಲ. ಅದನ್ನು ಬುಡಸಮೇತ ತೆಗೆಯೋದು ತೋಟ ನೀಟಾಗಿ ಕಾಣಲಿ ಅಂತ, ಬೇರೆ ಕಾರಣ ಇಲ್ಲ. ನೆಂಟರು ಬಂದಾಗ ನೀಟಾಗಿ ಕಾಣಬೇಕು, ಅಷ್ಟೇ.

ಇದನ್ನೇ ನಮ್ಮ ಸಾಹುಕಾರ್ರಿಗೆ ಹೇಳಿದೆ. ಕಣದಲ್ಲಿ ಕಾಫಿ ಒಣಗೋದನ್ನು ನೋಡುತ್ತಾ ನಿಂತಿದ್ದರು. ಪೂರ್ತಿ ಕೇಳಿದರು. "ಇಗ್ಗುತ್ತಪ್ಪನ ದೇವರಕಾಡಲ್ಲಿ ಮೋಟು ಯಾರಾದರೂ ಮುಟ್ಟುತ್ತಾರಾ? ಅಲ್ಲಿ ಗೂಡು ಮಾಡಲಿ" ಅಂದರು. ನಾನು, "ಅಲ್ಲಿಯ ಮರಿಗೂ ಆಮೇಲೆ ಜಾಗ ಬೇಕಲ್ಲ ಸಾರ್" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿನ ಬ್ಲಾಕಿನಲ್ಲಿ ಬಿಡು. ರೋಡ್ ಸೈಡ್ ಬೇಡ. ಕೊರಕದ ಹುಳ ಬಂದ ಕಾಫಿ ಗಿಡ ಒಂದೂ ಬಿಡಬೇಡ, ಅದು ಬೇರೆ" ಅಂದರು. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ಕಿತ್ತು ಸುಡಲೇಬೇಕು, ಅದರಲ್ಲಿ ನನಗೂ ಎರಡು ಮಾತಿಲ್ಲ.

ಮೇಸ್ತ್ರಿಗೆ ಈ ವ್ಯವಸ್ಥೆ ಹಿಡಿಸಿಲ್ಲ. ಮೋಟು ಬಿಟ್ಟರೆ ಕೆಲಸ ಸರಿಯಾಗಿ ಮಾಡಿಲ್ಲ ಅಂತ ತನಗೆ ಹೆಸರು ಬರುತ್ತೆ ಅನ್ನೋದು ಅವರ ತಕರಾರು. ಅದಕ್ಕೆ ಬಿಡೋ ಮೋಟಿಗೆಲ್ಲ ಸುಣ್ಣದಲ್ಲಿ ಒಂದು ಗುರುತು ಹಾಕುತ್ತಿದ್ದೇನೆ, ಕೇಳಿದರೆ ರೈಟರ್ ಹೇಳಿದ್ದು ಅಂತ ತೋರಿಸಲಿ. ಈ ವರ್ಷ ಯಾವುದಾದರಲ್ಲಿ ಕೊರೆಯುತ್ತದೋ ಇನ್ನೂ ನೋಡಬೇಕು. ಕೊರೆದರೂ ಯಾವ ಮೋಟು ಅಂತ ಯಾರಿಗೂ ಹೇಳಲ್ಲ, ಭಾವನಿಗೂ. ಗೂಡಿನ ಹತ್ತಿರ ಕ್ಯಾಮೆರಾ ಬೇಡ.

ಬರೋದಾದರೆ ಜನವರಿ ಕೊನೆ, ಫೆಬ್ರವರಿಯಲ್ಲಿ ಬನ್ನಿ. ಕೂಗೋಕೆ ಶುರು ಮಾಡಿರುತ್ತದೆ, ಜಿಗಣೆ ಇರಲ್ಲ. ಮಾಸಲು ಬಣ್ಣದ ಬಟ್ಟೆ ಹಾಕಿ, ಸ್ಪೀಕರ್ ಮನೆಯಲ್ಲಿಡಿ. ಮತ್ತೆ, ಶನಿವಾರ ಬಂದು ನನ್ನನ್ನು ಹುಡುಕಬೇಡಿ. ಅವತ್ತು ಬಟವಾಡೆ, ತಲೆ ಎತ್ತೋಕೂ ಪುರುಸೊತ್ತಿರಲ್ಲ.